ಬೇರೆ ವರಮಾನವಿದೆ ಎಂದು ಬರೆದುಕೊಟ್ಟವರು

ಗ್ರಾಮೀಣ ಡಾಕ್ ಸೇವಕರಾಗಿ ಕೆಲಸಕ್ಕೆ ಸೇರುವವರೆಲ್ಲ ಒಂದು ಮುಚ್ಚಳಿಕೆ ಬರೆದುಕೊಡಬೇಕು. ಜೀವನಕ್ಕೆ ನನಗೆ ಬೇರೆ ವರಮಾನವಿದೆ, ಅಂಚೆ ಇಲಾಖೆಯ ಭತ್ಯೆಯೊಂದನ್ನೇ ನೆಚ್ಚಿಕೊಂಡಿಲ್ಲ ಎಂಬುದು ಅದರ ಸಾರ. ತಾಳವಾಡಿ ಬೆಟ್ಟಸೀಮೆಯಲ್ಲಿ ಈ ಬೇರೆ ವರಮಾನ ಅಂದರೆ ಎರಡೆಕರೆ ರಾಗಿಯೋ, ಒಂದಿಷ್ಟು ಕಬ್ಬೋ, ಎಲೆಕೋಸೋ, ನಾಲ್ಕು ಹಸುವೋ ಆಗಿರುತ್ತದೆ. ರಾತ್ರಿ ಆನೆ ಹೊಲಕ್ಕೆ ಇಳಿದರೆ ಬೆಳಗಾಗುವಷ್ಟರಲ್ಲಿ ಆ ವರಮಾನ ಮಣ್ಣುಪಾಲು. ಮುಚ್ಚಳಿಕೆ ಮಾತ್ರ ಕಡತದಲ್ಲಿ ಭದ್ರವಾಗಿರುತ್ತದೆ. ಹೊತ್ತೇರಿದ ಮೇಲೆ ಟಪಾಲು ಚೀಲ ಹೊತ್ತು ಹೊರಟರೆ, ದಾರಿಗೆ ಅಡ್ಡ ನಿಂತಿರುವುದೂ ಅದೇ ಆನೆ.

ತಾಳವಾಡಿ ಎಲ್ಲಿದೆ ಎಂದು ಕನ್ನಡ ಓದುಗರಿಗೆ ಹೇಳಬೇಕಾದರೆ ದೊಡ್ಡ ಗಾಜನೂರಿನ ಹೆಸರು ತೆಗೆದರೆ ಸಾಕು. 2000ದ ಜುಲೈ 30ರ ರಾತ್ರಿ ನಟ ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿ ಕರೆದೊಯ್ದದ್ದು ಅಲ್ಲಿನ ತೋಟದ ಮನೆಯಿಂದ. (ಆ 108 ದಿನ ಎರಡು ರಾಜ್ಯಗಳೂ ಕಾಡಿನ ಸುದ್ದಿಗೆ ಬಾಯಿಬಿಟ್ಟು ಕಾದವು. ವೀರಪ್ಪನ್ ಮಾತುಗಳು ಕ್ಯಾಸೆಟ್ಟಿನಲ್ಲಿ, ಸಂಧಾನಕಾರರ ಕೈಯಲ್ಲಿ ಬಂದವು. ಅಂಚೆಗೆ ಆ ಕೆಲಸ ಬೀಳಲಿಲ್ಲ.) 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಕೊಯಮತ್ತೂರಿನೊಡನೆ ಕಂಪನಿಯ ಪಾಲಾಯಿತು. 1956ರಲ್ಲಿ ಅದೇ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಈಗ ಈರೋಡು ಜಿಲ್ಲೆ. ಮನೆಮಾತು, ಸಂತೆಯ ಮಾತು ಕನ್ನಡ, ಬಸ್ಸಿನ ಬೋರ್ಡು ತಮಿಳು. ಸುತ್ತ 1,411 ಚದರ ಕಿಲೋಮೀಟರಿನ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 2013ರಲ್ಲಿ ಅದು ಘೋಷಣೆಯಾಯಿತು. ಊರುಗಳು ಕಾಡಿನ ಅಂಚಿನಲ್ಲಿವೆ. ಇಟ್ಟರೆ, ತಡಸಲಟ್ಟಿ, ಕಾಳಿದಿಂಬಂನಂಥವು ಕಾಡಿನೊಳಗೇ ಇವೆ.

ಇಲ್ಲಿಗೆ ಕಾಗದ ಬರುವ ಬಗೆ ನೋಡಿ. ತಾಳವಾಡಿಯ ಪಿನ್ 638461, ಚಾಮರಾಜನಗರದ್ದು 571313. 1972ರಲ್ಲಿ ಪಿನ್ ಕೋಡ್ ಬಂದಾಗ ಕರ್ನಾಟಕಕ್ಕೆ 5, ತಮಿಳುನಾಡಿಗೆ 6 ಬಿತ್ತು. ಗಡಿಯಾಚೆಯ ಚಾಮರಾಜನಗರ ತಾಳವಾಡಿಯವರಿಗೆ ಸಂತೆ, ಆಸ್ಪತ್ರೆ, ನೆಂಟಸ್ತಿಕೆಯ ಊರು. ಅಂಚೆಯ ಲೆಕ್ಕದಲ್ಲಿ ಅದು ಬೇರೊಂದು ವೃತ್ತ (ಸರ್ಕಲ್). ತಾಳವಾಡಿಯ ಮೇಲಧಿಕಾರಿಗಳೆಲ್ಲ ಘಟ್ಟದ ಕೆಳಗೆ ಇದ್ದಾರೆ. ಬಣ್ಣಾರಿಯಿಂದ ದಿಂಬಂವರೆಗೆ 27 ಕಡಿದಾದ ತಿರುವುಗಳನ್ನು ಹತ್ತಿ ಬರಬೇಕು. ಯಾವುದೋ ತಿರುವಿನಲ್ಲಿ ಭಾರದ ಲಾರಿಯೊಂದು ಸಿಕ್ಕಿಹಾಕಿಕೊಂಡರೆ ಮೇಲೂ ಕೆಳಗೂ ಸಾಲು ನಿಲ್ಲುತ್ತದೆ. ಬಸ್ಸು ನಿಂತರೆ ಟಪಾಲೂ ನಿಂತಂತೆ.

ಈ ತಡವೇ ನನ್ನ ಮಟ್ಟಿಗೆ ಇಡೀ ವಿಷಯದ ಗಂಟು. ಹತ್ತು ಗಂಟೆಗೆ ಬರಬೇಕಾದ ಚೀಲ ಒಂದಕ್ಕೆ ಬಂದರೆ ಹಂಚುವವರು ಹೊರಡುವುದು ಎರಡಕ್ಕೆ. ಕೊನೆಯ ಮನೆ ಮುಟ್ಟುವಷ್ಟರಲ್ಲಿ ನಾಲ್ಕೂವರೆ, ತಿರುಗಿ ಬರುವಾಗ ಸಂಜೆ. ಆನೆಗಳು ಮರದ ನೆರಳು ಬಿಟ್ಟು ನೀರಿಗೂ ಹೊಲಕ್ಕೂ ಹೊರಡುವ ಹೊತ್ತದು. ಘಟ್ಟದ ಕೆಳಗೆ ಆದ ಮೂರು ಗಂಟೆಯ ವಿಳಂಬ ಮೇಲೆ ಬಂದು ಜೀವಭಯವಾಗುತ್ತದೆ. ಇಲಾಖೆಯ ವರದಿಯಲ್ಲಿ ಅದು 'ವಿಳಂಬ' ಎಂದಷ್ಟೇ ದಾಖಲಾಗುತ್ತದೆ.

ಚೀಲ, ಯಂತ್ರ, ಹೆಬ್ಬೆಟ್ಟು

ಹೊರಗಿನವರು ಪೋಸ್ಟ್‌ಮ್ಯಾನ್ ಎಂದು ಒಂದೇ ಹೆಸರಿನಲ್ಲಿ ಕರೆಯುವವರಲ್ಲಿ ಹಲವು ಬಗೆಯವರಿದ್ದಾರೆ. ಖಾಕಿ ಹಾಕಿ, ಪಿಂಚಣಿಯ ಹಕ್ಕಿನೊಡನೆ ಪಟ್ಟಣದಲ್ಲಿ ಹಂಚುವವರು ಇಲಾಖೆಯ ಖಾಯಂ ನೌಕರರು. ಹಳ್ಳಿಯಲ್ಲಿ ಕಾಣುವವರು ಹೆಚ್ಚಿನಂಶ ಗ್ರಾಮೀಣ ಡಾಕ್ ಸೇವಕರು. ಹಿಂದೆ ಇವರನ್ನು ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಬಾಯಿಮಾತಿನಲ್ಲಿ 'ಇಡಿ' ಎನ್ನುತ್ತಿದ್ದರು. ಶಾಲೆಯ ಮೇಷ್ಟ್ರೋ ಅಂಗಡಿಯವರೋ ಬಿಡುವಿನಲ್ಲಿ ಅಂಚೆಯನ್ನೂ ನೋಡಿಕೊಳ್ಳಲಿ ಎಂದು ಬ್ರಿಟಿಷರು ಮಾಡಿಕೊಂಡ ಅಗ್ಗದ ಏರ್ಪಾಡು ಅದು. ಬ್ರಿಟಿಷರು ಹೋದರೂ ಏರ್ಪಾಡು ಹೋಗಲಿಲ್ಲ. 2018ರಲ್ಲಿ ಕೇಂದ್ರ ಸಂಪುಟ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 1.29 ಲಕ್ಷ ಶಾಖಾ ಅಂಚೆ ಕಚೇರಿಗಳು ನಡೆಯುತ್ತಿದ್ದದ್ದು ಇಂಥ ಸುಮಾರು 3.07 ಲಕ್ಷ ಜನರಿಂದ.

ಕೆಲಸದ ಕ್ರಮ ಹಳೆಯದೇ. ತಾಳವಾಡಿಯಂಥ ಕಚೇರಿಯಲ್ಲಿ ಒಂದೊಂದು ಶಾಖೆಗೂ ಒಂದೊಂದು ಚೀಲ ಕಟ್ಟಿ ಮುದ್ರೆ ಹಾಕುತ್ತಾರೆ. ಕಾಗದ, ಪಾರ್ಸೆಲ್, ಒಮ್ಮೊಮ್ಮೆ ನಗದು, ಏನೇನಿದೆ ಎಂಬ ಚೀಟಿ ಎಲ್ಲವೂ ಅದರೊಳಗೆ. ಅದನ್ನು ಶಾಖೆಗೆ ಮುಟ್ಟಿಸಿ, ಅಲ್ಲಿಯ ಚೀಲವನ್ನು ವಾಪಸು ತರುವುದು ಒಬ್ಬರ ಕೆಲಸ. ಶಾಖೆಯ ಪೋಸ್ಟ್‌ಮಾಸ್ಟರ್ ಮುದ್ರೆ ನೆಟ್ಟಗಿದೆಯೇ ಎಂದು ನೋಡಿ, ಬಿಚ್ಚಿ, ಚೀಟಿಗೆ ತಾಳೆ ಹಾಕಿ, ತಾರೀಕು ಮುದ್ರೆ ಒತ್ತುತ್ತಾರೆ. ಆಮೇಲೆ ಹಂಚುವವರು ಹೊರಡುತ್ತಾರೆ. ಸಣ್ಣ ಶಾಖೆಗಳಲ್ಲಿ ಈ ಎಲ್ಲ ಕೆಲಸ ಇಬ್ಬರ ಹೆಗಲ ಮೇಲೆ, ಒಬ್ಬರು ರಜೆ ಹಾಕಿದರೆ ಒಬ್ಬರ ಮೇಲೆ. ಕಚೇರಿಗೆ ಜಾಗ ಒದಗಿಸುವ ಹೊಣೆಯೂ ಪೋಸ್ಟ್‌ಮಾಸ್ಟರರದೇ. ಸ್ವಂತ ಮನೆಯ ಪಡಸಾಲೆಯೇ ಭಾರತ ಸರ್ಕಾರದ ಕಚೇರಿಯಾಗಿ, ಒಂದು ಮೂಲೆಯಲ್ಲಿ ರಾಗಿ ಮೂಟೆ, ಇನ್ನೊಂದು ಮೂಲೆಯಲ್ಲಿ ಟಪಾಲು ಚೀಲ ಇರುವುದು ಹೊಸತೇನಲ್ಲ.

ಚೀಲದೊಳಗಿನ ಸರಕು ಮಾತ್ರ ಬದಲಾಗಿದೆ. ಕ್ಷೇಮಸಮಾಚಾರದ ಕಾಗದ ನಿಂತು ಎಷ್ಟೋ ಕಾಲವಾಯಿತು. ಈಗ ಬರುವುದು ಬ್ಯಾಂಕಿನ ನೋಟಿಸು, ಆಧಾರ್ ಕಾರ್ಡು, ಕೋರ್ಟಿನ ಸಮನ್ಸು, ಆನ್‌ಲೈನಿನಲ್ಲಿ ತರಿಸಿದ ಚಪ್ಪಲಿ, ಸೀರೆ, ಮೊಬೈಲು. ಕಾಗದಕ್ಕೆ ತೂಕವಿರಲಿಲ್ಲ, ಪಾರ್ಸೆಲಿಗೆ ತೂಕವಿದೆ, ಬೈಕಿನ ಹಿಂದೆ ಕಟ್ಟಿಕೊಂಡು ಕಲ್ಲುದಾರಿ ಹತ್ತಬೇಕು. ಅದರ ಮೇಲೆ ಬ್ಯಾಂಕು. 2018ರ ಸೆಪ್ಟೆಂಬರಿನಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕು ಶುರುವಾದಂದಿನಿಂದ ಮನೆಬಾಗಿಲಲ್ಲಿ ಬ್ಯಾಂಕು ಖಾತೆಯ ಹಣ ತೆಗೆದುಕೊಡುವುದೂ ಇವರ ಪಾಲಿಗೆ ಬಂತು. ಸೋಲಿಗರ ಅಜ್ಜಿಯೊಬ್ಬರಿಗೆ ಪಿಂಚಣಿ ಕೊಡಬೇಕು ಅನ್ನಿ. ಅಜ್ಜಿ ಹೆಬ್ಬೆಟ್ಟು ಒತ್ತುತ್ತಾರೆ, ಯಂತ್ರ ಒಪ್ಪುವುದಿಲ್ಲ. ಜೀವನವಿಡೀ ಸೌದೆ, ಜೇನು, ಗೆಡ್ಡೆ ಎಂದು ಸವೆದ ಬೆರಳಿನಲ್ಲಿ ಗೆರೆಯೇ ಉಳಿದಿಲ್ಲ. ಸೆರಗಿನಿಂದ ಒರೆಸಿ ಇನ್ನೊಮ್ಮೆ, ಎಣ್ಣೆ ತಾಕಿಸಿ ಮತ್ತೊಮ್ಮೆ, ಎಡಗೈಯದ್ದು ಮಗದೊಮ್ಮೆ. ಕೊನೆಗೆ ಬೆರಳು ಒಪ್ಪಿತು ಅನ್ನುವಾಗ ನೆಟ್‌ವರ್ಕ್ ಹೋಗಿರುತ್ತದೆ. ಅಜ್ಜಿಯನ್ನೂ ಯಂತ್ರವನ್ನೂ ಕರೆದುಕೊಂಡು ದಿಬ್ಬ ಹತ್ತಬೇಕು. ಮೇಲಧಿಕಾರಿಗಳ ಲೆಕ್ಕಪುಸ್ತಕದಲ್ಲಿ ಇದು 'ಒಂದು ವ್ಯವಹಾರ'.

ಹಣ ಕೈಯಲ್ಲಿ ಹಿಡಿದು ಕಾಡಿನ ದಾರಿ ನಡೆಯುವವರಿಗೆ ಆನೆಯ ಭಯ ಒಂದಾದರೆ ಲೆಕ್ಕದ ಭಯ ಇನ್ನೊಂದು. ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ಉತ್ತರ ಕೊಡಬೇಕು, ತಪ್ಪೆಂದಾದರೆ ಸ್ವಂತ ಭತ್ಯೆಯಿಂದ ತುಂಬಬೇಕು. ರಜೆ ಬೇಕೆಂದರೆ ತನ್ನ ಬದಲಿಗೆ ಒಬ್ಬರನ್ನು ತಾನೇ ಹುಡುಕಿ ನಿಲ್ಲಿಸುವುದು ಬಹುಕಾಲದ ಪದ್ಧತಿ. ಆ ಬದಲಿಯವನ ಎಡವಟ್ಟಿಗೂ ಇವರೇ ಹೊಣೆ.

ಕಾಡಿನ ದಾರಿಯ ಪಾಠವನ್ನು ಯಾವ ತರಬೇತಿ ಕೇಂದ್ರವೂ ಕಲಿಸಿಲ್ಲ. ಊರವರಿಂದ ಕಲಿತದ್ದೇ ಪಾಠ. ತಿರುವಿಗೆ ಮೊದಲು ಬೈಕಿನ ಎಂಜಿನ್ ನಿಲ್ಲಿಸಿ ಕಿವಿಗೊಡುವುದು. ದಾರಿಯಲ್ಲಿ ಬಿದ್ದ ಲದ್ದಿ ಹಸಿಯೋ ಒಣಗಿದ್ದೋ ನೋಡುವುದು. ಕೋಡಗ ಕೂಗಿದರೆ ನಿಲ್ಲುವುದು. ಲಂಟಾನ ಪೊದೆ ರಸ್ತೆಗೆ ಒತ್ತಿಕೊಂಡ ಕಡೆ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಅಲ್ಲಿ ಜೀಪೋ ಬಸ್ಸೋ ಬರುವವರೆಗೆ ಕಾದು ಅದರ ಬೆನ್ನಿಗೆ ಹೋಗುವುದು. ಹಾಸನೂರು, ಕಾರಪಳ್ಳಂ ಕಡೆ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳನ್ನು ಪ್ರವಾಸಿಗರು ಮೊಬೈಲಿನಲ್ಲಿ ಹಿಡಿದು ಸಂತೋಷಪಡುತ್ತಾರೆ. ಅವರು ಕಾರಿನೊಳಗೆ ಇರುತ್ತಾರೆ. ಬೈಕಿನ ಮೇಲೆ ಪಾರ್ಸೆಲ್ ಕಟ್ಟಿಕೊಂಡು ನಿಂತವರಿಗೆ ಅದು ಬೇರೆ ದೃಶ್ಯ. ಕರುಪ್ಪನ್ ಎಂದು ಹೆಸರು ಪಡೆದಿದ್ದ ಒಂದು ಗಂಡಾನೆ ತಾಳವಾಡಿ, ಜೀರಹಳ್ಳಿ ಕಡೆ ಬೆಳೆ ತಿಂದು, ಇಬ್ಬರು ರೈತರ ಜೀವವನ್ನೂ ತೆಗೆದಿತ್ತು. ಪಳಗಿದ ಕುಮ್ಕಿ ಆನೆಗಳನ್ನು ತಂದು ತಿಂಗಳುಗಟ್ಟಲೆ ಹೆಣಗಿ 2023ರ ಏಪ್ರಿಲಿನಲ್ಲಿ ಅದನ್ನು ಹಿಡಿದು ದೂರದ ಕಾಡಿಗೆ ಬಿಟ್ಟರು. ಆ ತಿಂಗಳುಗಳಲ್ಲೂ ಈ ದಾರಿಗಳಲ್ಲಿ ಟಪಾಲು ಓಡಾಡಲೇಬೇಕಿತ್ತು.

ಕಾದ ಹೊತ್ತು ಯಾರ ಲೆಕ್ಕ

ಸೇವಕರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ. 'ಸಮಯಾಧಾರಿತ ನಿರಂತರತಾ ಭತ್ಯೆ' ಎಂಬ ಉದ್ದನೆಯ ಹೆಸರಿದೆ. ಗಂಟೆಯ ಮೇಲೆ ನಿಂತ ಹಣ. ನಿಯಮದ ಪ್ರಕಾರ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಿಕೊಳ್ಳುವಂತಿಲ್ಲ. ಸೇವಕರ ಭತ್ಯೆಯನ್ನು ಪರಿಶೀಲಿಸಿದ ಕಮಲೇಶ್ ಚಂದ್ರ ಸಮಿತಿಯ ವರದಿ ಧೂಳು ತಿನ್ನುತ್ತಿದ್ದಾಗ, 2018ರ ಮೇ 22ರಿಂದ ದೇಶದಾದ್ಯಂತ ಡಾಕ್ ಸೇವಕರು ಮುಷ್ಕರ ಹೂಡಿದರು. ಹದಿನಾರನೆಯ ದಿನ, ಜೂನ್ 6ರಂದು, ಸಂಪುಟ ಒಪ್ಪಿತು. ಶಾಖಾ ಪೋಸ್ಟ್‌ಮಾಸ್ಟರಿಗೆ ನಾಲ್ಕು ಗಂಟೆಗೆ 12,000, ಐದು ಗಂಟೆಗೆ 14,500. ಸಹಾಯಕರಿಗೂ ಉಳಿದ ಡಾಕ್ ಸೇವಕರಿಗೂ 10,000 ಮತ್ತು 12,000 ರೂಪಾಯಿ ಆರಂಭದ ಭತ್ಯೆ, ಮೇಲೆ ತುಟ್ಟಿಭತ್ಯೆ. ಅದಕ್ಕೆ ಮೊದಲಿದ್ದ ಚಿಲ್ಲರೆ ಹಣಕ್ಕೆ ಹೋಲಿಸಿದರೆ ಇದು ದೊಡ್ಡ ಏರಿಕೆಯೇ, ಅಲ್ಲಗಳೆಯುವಂತಿಲ್ಲ.

ಆದರೆ ಗಂಟೆ ಎಣಿಸುವವರಾರು? ಇಷ್ಟು ಕಾಗದ, ಇಷ್ಟು ದೂರ, ಇಷ್ಟು ವ್ಯವಹಾರ ಎಂದು ಕೆಲಸದ ಭಾರ ಅಳೆದು ನಾಲ್ಕೋ ಐದೋ ಎಂದು ಗೊತ್ತುಮಾಡುತ್ತಾರೆ. ಬಸ್ಸಿಗೆ ಕಾದದ್ದು, ಆನೆ ಸರಿಯಲೆಂದು ಮರದ ಮರೆಯಲ್ಲಿ ನಿಂತದ್ದು, ಅಜ್ಜಿಯ ಹೆಬ್ಬೆಟ್ಟಿಗೆ ಹಿಡಿದದ್ದು ಅಳತೆಗೆ ಸಿಕ್ಕುವುದಿಲ್ಲ. ಜನ ಕಡಿಮೆಯಿರುವ ಬೆಟ್ಟದ ಊರಿನಲ್ಲಿ ಕಾಗದವೂ ಕಡಿಮೆ, ಆದ್ದರಿಂದ ಗಂಟೆಯೂ ಕಡಿಮೆ. ದಾರಿ ಕಷ್ಟವಾದಷ್ಟೂ ಕೈಗೆ ಬರುವ ಹಣ ತೆಳುವಾಗುವ ಲೆಕ್ಕವಿದು. ನಾಲ್ಕು ಗಂಟೆಯ ಹಣಕ್ಕೆ ಇಡೀ ಹಗಲು ಹೋದರೆ, ಮುಚ್ಚಳಿಕೆಯಲ್ಲಿ ಹೇಳಿದ ಬೇರೆ ವರಮಾನವನ್ನು ದುಡಿಯುವುದು ಯಾವಾಗ?

ಭತ್ಯೆಗಳ ಪಟ್ಟಿ ಓದಿದರೆ ನಗು ಬರುತ್ತದೆ. ಸೈಕಲ್ ಭತ್ಯೆ ಇದೆ, ಹಣ ಸಾಗಿಸುವುದಕ್ಕೆ ಇದೆ, ಕಾಗದ ಪೆನ್ನಿಗೆ ಇದೆ. ಹೊಳೆ ದಾಟುವವರಿಗೆ ದೋಣಿ ಭತ್ಯೆಯೂ ಇದೆ. ದೋಣಿಯ ಕಷ್ಟ ಅರ್ಥವಾದ ಇಲಾಖೆಗೆ ಆನೆದಾರಿಯ ಕಷ್ಟ ಅರ್ಥವಾಗದೇ ಇರಬೇಕಿಲ್ಲ. ಅಪಾಯ ಮತ್ತು ಕಷ್ಟದ ಭತ್ಯೆಯೆಂಬುದನ್ನು 2018ರಲ್ಲೇ ಹೊಸದಾಗಿ ಸೇರಿಸಿದ್ದಾರೆ. ಅದನ್ನು ಪ್ರದೇಶದ ಪಟ್ಟಿಗೆ ಕಟ್ಟಿಹಾಕದೆ, ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾದುಹೋಗುವ ಪ್ರತಿಯೊಂದು ಬೀಟಿಗೂ (ಹಂಚುವ ದಾರಿಗೂ) ತಾನಾಗಿ ಸಿಗುವಂತೆ ಮಾಡಿದರೆ ಖರ್ಚು ದೊಡ್ಡದಾಗದು.

ಹಳೆಯ ಕಾಲದವರು ಈ ವಿಷಯದಲ್ಲಿ ನಮಗಿಂತ ಜಾಣರಿದ್ದರೇನೋ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಅಂಚೆ, 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಲೀನವಾಗುವವರೆಗೆ, ಓಟಗಾರರ ಕಾಲಬಲದ ಮೇಲೆ ನಿಂತಿತ್ತು. ಬ್ರಿಟಿಷ್ ಅಂಚೆಯ ರನ್ನರಿಗೆ ಈಟಿ ಮತ್ತು ಗೆಜ್ಜೆ ಕೊಡುತ್ತಿದ್ದರು. ಹುಲಿಯ ಭಯವಿದ್ದ ಕಾಡಿನಲ್ಲಿ ರಾತ್ರಿ ಹೊತ್ತು ಡೋಲು ಬಡಿಯುವವರು, ಪಂಜು ಹಿಡಿಯುವವರು ಜೊತೆಗೆ ಹೋಗುವ ಏರ್ಪಾಡೂ ಇತ್ತು. ಅಂದರೆ ದಾರಿ ಅಪಾಯದ್ದೆಂದು ಸರ್ಕಾರ ಒಪ್ಪಿಕೊಂಡಿತ್ತು, ಜೊತೆಗಾರರಿಗೆ ದುಡ್ಡು ಕೊಡುತ್ತಿತ್ತು. ಇಂದು ಜೊತೆಗಿರುವುದು ಒಂದು ಯಂತ್ರ, ಅದಕ್ಕೂ ಕಾಡಿನಲ್ಲಿ ಸಿಗ್ನಲ್ ಇಲ್ಲ.

ನೀಲಗಿರಿಯ ಕೂನೂರಿನಲ್ಲಿ ಡಿ. ಶಿವನ್ ಅವರು 2020ರಲ್ಲಿ ನಿವೃತ್ತರಾದಾಗ ದೇಶಕ್ಕೆ ದೇಶವೇ ಕೊಂಡಾಡಿತು. ಕಾಡು, ತೊರೆ, ರೈಲುಹಳಿ ದಾಟಿ, ಆನೆ ಕರಡಿಗಳಿಂದ ಓಡಿ, ದಿನಕ್ಕೆ 15 ಕಿಲೋಮೀಟರ್ ನಡೆದು ಹಂಚಿದವರು. ಹೊಗಳಿದ್ದು ಸರಿಯೇ. ಆದರೆ ಆ ದಾರಿಗೆ ಜೊತೆಗಾರರು ಯಾಕಿರಲಿಲ್ಲ ಎಂದು ಕೇಳಿದವರು ವಿರಳ. ನಮ್ಮಲ್ಲಿ ದುಡಿಯುವವರನ್ನು ವೀರರೆಂದು ಕರೆದುಬಿಟ್ಟರೆ ಆಮೇಲೆ ಟಾರ್ಚು, ಶೂ, ವಿಮೆಗಳ ಮಾತು ಎತ್ತುವುದೇ ಅಪಚಾರವಾಗುತ್ತದೆ.

ಹಕ್ಕು ಸಿಕ್ಕ ಕಡೆ, ಸಿಗದ ಕಡೆ

ಇರುವ ಅಷ್ಟಿಷ್ಟು ಹಕ್ಕು ಹೆಚ್ಚಾಗಿ ಬಂದದ್ದು ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ. ನೋಟಿಸು ಕೊಡದೆ, ವಿಚಾರಣೆ ಮಾಡದೆ ಮನೆಗೆ ಕಳಿಸುತ್ತಿದ್ದ ಕಾಲವಿತ್ತು. 1977ರಲ್ಲಿ ಸುಪ್ರೀಂ ಕೋರ್ಟು ರಾಜಮ್ಮ ಪ್ರಕರಣದಲ್ಲಿ ಇವರದು 'ಸಿವಿಲ್ ಹುದ್ದೆ' ಎಂದಿತು. ಹಾಗಾಗಿ ಸಂವಿಧಾನದ 311ನೇ ವಿಧಿಯ ರಕ್ಷಣೆ ಇವರಿಗೂ ಉಂಟು, ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ. ಇನ್ನೊಂದು ಹೋರಾಟ ನಮ್ಮ ಕರಾವಳಿಯದು. ಸೇವಕರನ್ನು ಅಮಾನತಿನಲ್ಲಿಟ್ಟರೆ (ಇಲಾಖೆಯ ಮಾತಿನಲ್ಲಿ 'ಪುಟ್ ಆಫ್') ಒಂದು ಕಾಸೂ ಕೊಡಬೇಕಿಲ್ಲ ಎಂಬ ನಿಯಮವನ್ನು ಉಡುಪಿ ವಿಭಾಗದವರು ಪ್ರಶ್ನಿಸಿದರು. 1988ರಲ್ಲಿ ಬೆಂಗಳೂರಿನ ಕೇಂದ್ರೀಯ ಆಡಳಿತ ನ್ಯಾಯಮಂಡಳಿ ಆ ನಿಯಮವನ್ನು ಹೊಡೆದುಹಾಕಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1995ರಲ್ಲಿ ಅಲ್ಲಿಯೂ ನಿಂತಿತು. ಇಂದು ತಾಳವಾಡಿಯಲ್ಲಿ ಯಾರಾದರೂ ವಿಚಾರಣೆ ಮುಗಿಯುವವರೆಗೆ ಭತ್ಯೆಯ ಒಂದು ಪಾಲನ್ನಾದರೂ ಪಡೆಯುತ್ತಾರೆ ಎಂದರೆ ಅದರ ಹಿಂದೆ ಉಡುಪಿಯವರ ಹಟವಿದೆ.

ಅದೇ ಬಾಗಿಲು ಮುಂದೆ ಮುಚ್ಚಿಕೊಂಡಿತು. 2019ರಲ್ಲಿ ಸುಪ್ರೀಂ ಕೋರ್ಟು, ಗ್ರಾಚ್ಯುಟಿ ಕಾಯ್ದೆ ಇವರಿಗೆ ಅನ್ವಯಿಸದು ಎಂದಿತು. ಸೇವಕರಾಗಿ ದುಡಿದ ವರ್ಷಗಳನ್ನು ಪಿಂಚಣಿಗೆ ಹಕ್ಕಾಗಿ ಎಣಿಸುವಂತಿಲ್ಲ ಎಂದೂ ಅದೇ ವರ್ಷ ಹೇಳಿತು. ಸಿವಿಲ್ ಹುದ್ದೆ ಹೌದು, ಸಿವಿಲ್ ಸೇವೆ ಅಲ್ಲ ಎಂಬುದು ತರ್ಕ. ಏಳನೇ ವೇತನ ಆಯೋಗವೂ ಇದೇ ಮಾತು ಹೇಳಿ ಇವರನ್ನು ಬದಿಗಿಟ್ಟಿತ್ತು. 65ರವರೆಗೆ ಚೀಲ ಹೊತ್ತವರಿಗೆ ಕೊನೆಗೆ ಸಿಗುವುದು ಒಂದಿಷ್ಟು ಇಡುಗಂಟು. ಎಂಟು ಗಂಟೆ ಕೆಲಸ, ಪಿಂಚಣಿ ಎಂಬ ಬೇಡಿಕೆ ಇಟ್ಟುಕೊಂಡು 2023ರ ಡಿಸೆಂಬರಿನಲ್ಲಿ ಮತ್ತೆ ಮುಷ್ಕರ ನಡೆಯಿತು.

ಸುರಕ್ಷತೆಯ ಕಾನೂನಾದರೂ ಕೈ ಹಿಡಿಯುತ್ತದೆಯೇ? 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಅನುಬಂಧದಲ್ಲಿ ಅಂಚೆ ತಂತಿ ಇಲಾಖೆಯ ಹೊರಾಂಗಣ ಕೆಲಸಗಾರರ ಹೆಸರು ಇತ್ತು. ಹೊರಗೆ ತಿರುಗುವ ಅಂಚೆಯವರಿಗೆ ಅಪಾಯವಿದೆ ಎಂದು ದಶಕಗಳ ಹಿಂದೆಯೇ ಬರೆದಿಟ್ಟಿದ್ದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯಕ್ಕೆಂದೇ ಒಂದು ಸಂಹಿತೆ ಇದೆ. ಅದು ತನ್ನ ಮೊದಲ ಕಲಮಿನಲ್ಲೇ ಕೇಂದ್ರ ಸರ್ಕಾರದ ಕಚೇರಿಗಳನ್ನು ಹೊರಗಿಟ್ಟಿದೆ. ಅಂಚೆ ಕಚೇರಿ ಕೇಂದ್ರ ಸರ್ಕಾರದ್ದು. ಸರ್ಕಾರಿ ನೌಕರರ ಸವಲತ್ತು ಕೇಳಿದರೆ ನೀವು ಹೊರಗಿನವರು, ಕಾರ್ಮಿಕರ ಸುರಕ್ಷತೆ ಕೇಳಿದರೆ ನಿಮ್ಮದು ಸರ್ಕಾರಿ ಕಚೇರಿ.

ಇನ್ನು ಭಾಷೆಯ ಮಾತು. ಡಾಕ್ ಸೇವಕರ ನೇಮಕಕ್ಕೆ ಹತ್ತನೇ ತರಗತಿಯ ಅಂಕವೇ ಮಾನದಂಡ, ಜೊತೆಗೆ ಸ್ಥಳೀಯ ಭಾಷೆಯನ್ನು ಹತ್ತರವರೆಗೆ ಓದಿರಬೇಕು. ತಮಿಳುನಾಡು ವೃತ್ತಕ್ಕೆ ಸ್ಥಳೀಯ ಭಾಷೆ ತಮಿಳು. ತಾಳವಾಡಿಯಲ್ಲಿ ತಮಿಳನ್ನು ಪಠ್ಯವಾಗಿ ಓದದೆ ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿದವರು ತಮ್ಮ ಊರಿನ ಅಂಚೆ ಕೆಲಸಕ್ಕೇ ಅನರ್ಹರು. ಒಂದು ಅಕ್ಷರ ಕನ್ನಡ ಬಾರದ ಬಯಲುಸೀಮೆಯ ಹುಡುಗಿ ಅಂಕದ ಬಲದಿಂದ ಅರ್ಹಳು. ಆ ಹುಡುಗಿಯ ತಪ್ಪೇನೂ ಇಲ್ಲ. ಗೊತ್ತಿಲ್ಲದ ಕಾಡೂರಿಗೆ ಬಂದು, ಅಲ್ಲೇ ಮನೆ ಹಿಡಿದು, ಕಚೇರಿಗೂ ಜಾಗ ಹುಡುಕುವ ಅವಳ ಕಷ್ಟ ಬೇರೆಯೇ. ಆದರೆ "ಅತ್ತ ಹೋಗ್ಬೇಡವ್ವ, ಒಂಟಿಗ ಅದೆ" ಎಂದು ದನ ಕಾಯುವವರು ಕೂಗಿದರೆ ಅದು ಅರ್ಥವಾಗದೆ ಮುಂದೆ ಹೆಜ್ಜೆಯಿಡುವವಳೂ ಅವಳೇ. ಈ ಸೀಮೆಯಲ್ಲಿ ಕನ್ನಡ ಬರುವುದು ಜೀವ ಉಳಿಸಿಕೊಳ್ಳುವ ವಿದ್ಯೆ. ಅಸ್ಸಾಂ ವೃತ್ತದಲ್ಲಿ ಅಸ್ಸಾಮಿಯ ಜೊತೆ ಬಂಗಾಳಿ, ಬೋಡೊಗಳನ್ನೂ ಇಲಾಖೆ ಸ್ಥಳೀಯ ಭಾಷೆಯೆಂದು ಒಪ್ಪಿದೆ. ತಾಳವಾಡಿ ತಾಲ್ಲೂಕಿನ ಮಟ್ಟಿಗೆ ತಮಿಳಿನ ಜೊತೆ ಕನ್ನಡವನ್ನೂ ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಅಧಿಸೂಚನೆಯ ಪಟ್ಟಿಯಲ್ಲಿ ಒಂದು ಸಾಲು ಸಾಕು.

ತುರ್ತಾಗಿ ಆಗಬೇಕಾದದ್ದೂ ದೊಡ್ಡದಲ್ಲ. ಚೀಲ ಮಧ್ಯಾಹ್ನ ದಾಟಿ ಬಂದರೆ ಕಾಡಿನ ಬೀಟನ್ನು ಮರುದಿನಕ್ಕೆ ಇಡಬಹುದು, ಅದಕ್ಕೆ ಸಮಜಾಯಿಷಿ ಕೇಳುವುದಿಲ್ಲ ಎಂಬ ಲಿಖಿತ ಆದೇಶ ಕೊಯಮತ್ತೂರಿನ ಪಶ್ಚಿಮ ವಲಯದ ಕಚೇರಿಯಿಂದ ಹೊರಡಬೇಕು. ಆನೆ ಎಲ್ಲಿದೆ ಎಂದು ಅರಣ್ಯ ಸಿಬ್ಬಂದಿಗೆ ಬೆಳಿಗ್ಗೆಯೇ ತಿಳಿದಿರುತ್ತದೆ, ಆ ಸುದ್ದಿ ಶಾಖಾ ಕಚೇರಿಯ ಫೋನಿಗೂ ಬರಬೇಕು. ಕಾದ ಹೊತ್ತನ್ನು ಕೆಲಸದ ಹೊತ್ತೆಂದು ಬರೆದುಕೊಳ್ಳಬೇಕು.

ಓದುಗರಲ್ಲೂ ಒಂದು ಕೋರಿಕೆ. ತಾಳವಾಡಿ ಕಡೆಯ ನೆಂಟರಿಗೆ, ಗೆಳೆಯರಿಗೆ ಏನಾದರೂ ಕಳಿಸುವಾಗ ಊರಿನ ಹೆಸರು, ಪಿನ್, ಫೋನ್ ನಂಬರನ್ನು ದಪ್ಪಕ್ಷರದಲ್ಲಿ ಬರೆಯಿರಿ. ವಿಳಾಸ ಕನ್ನಡದಲ್ಲಿದ್ದರೆ ಕೆಳಗೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇನ್ನೊಮ್ಮೆ ಬರೆಯಿರಿ. ಎರಡು ದಿನ ತಡವಾಯಿತೆಂದು ಆನ್‌ಲೈನಿನಲ್ಲಿ ದೂರು ಒತ್ತುವ ಮೊದಲು ಆ ಶಾಖೆಗೆ ಫೋನು ಮಾಡಿ ವಿಚಾರಿಸಿ. ನೀವು ಒತ್ತಿದ ದೂರಿಗೆ ಕೊನೆಗೆ ಉತ್ತರ ಬರೆಯಬೇಕಾದವರು ಘಟ್ಟದಲ್ಲಿ ಸಿಕ್ಕಿಕೊಂಡ ಲಾರಿಯವರಲ್ಲ, ಡಾಕ್ ಸೇವಕರೇ.